ಊರು ಬಿಟ್ಟವರು ನಮಗೆ ಊರು ತೋರಿಸಿದರು

ಕಳೆದ ತಿಂಗಳು ತಂಗಿಯ ಮಗಳು ಸಾಗರದಿಂದ ಬಂದಿದ್ದಳು. ಚಿತ್ರಕಲೆ ಓದುತ್ತಿರುವ ಹುಡುಗಿ. ಬ್ಯಾಗು ಕೆಳಗಿಡುವ ಮೊದಲೇ, "ದೊಡ್ಡಮ್ಮಾ, ನಾಳೆ ಚಿತ್ರಕಲಾ ಪರಿಷತ್ತಿಗೆ ಹೋಗೋಣ್ವಾ?" ಅಂದಳು.

ನಾನು ಬೆಂಗಳೂರಿಗೆ ಬಂದು ಮೂವತ್ತು ವರ್ಷದ ಮೇಲಾಯಿತು. ಕುಮಾರಕೃಪಾ ರಸ್ತೆಯಲ್ಲಿ ಬಸ್ಸಿನಲ್ಲೂ ಆಟೋದಲ್ಲೂ ಎಷ್ಟು ಸಲ ಓಡಾಡಿದ್ದೇನೋ ಲೆಕ್ಕ ಇಟ್ಟವರಿಲ್ಲ. ಜನವರಿಯ ಚಿತ್ರಸಂತೆಗೂ ಹೋಗಿದ್ದೇನೆ. ಚಿತ್ರಕ್ಕಿಂತ ಜಾಸ್ತಿ ಜನರನ್ನು ನೋಡಿ, ಚುರುಮುರಿ ತಿಂದು ಬಂದಿದ್ದೇನೆ. ಆದರೆ ಒಳಗಿನ ಗ್ಯಾಲರಿಗೆ ಒಂದು ಸಲವೂ ಕಾಲಿಟ್ಟಿರಲಿಲ್ಲ. ಅದನ್ನು ಅವಳ ಹತ್ತಿರ ಹೇಳಿಕೊಳ್ಳಲು ನಾಚಿಕೆಯಾಗಿ, "ಹೂಂ, ಹೋಗೋಣ, ನಂಗೂ ನೋಡಿ ತುಂಬಾ ದಿನ ಆಯ್ತು" ಅಂದುಬಿಟ್ಟೆ!

ರೋರಿಕ್ ಅಪ್ಪ-ಮಗನ ಚಿತ್ರಗಳ ಮುಂದೆ ಆ ಹುಡುಗಿ ನಿಂತವಳು ನಿಂತೇ ಇದ್ದಳು. ಅಪ್ಪ ನಿಕೋಲಸ್ ರೋರಿಕ್ ಅವರ ಹಿಮಾಲಯ ತಣ್ಣಗೆ. ನೀಲಿ, ನೇರಳೆ, ಅದರ ಮೇಲೆ ಬೆಳಗಿನ ಬಿಳುಪು. ಮನುಷ್ಯರಿದ್ದರೂ ಬೆಟ್ಟದ ಬುಡದಲ್ಲಿ ಒಂದು ಚುಕ್ಕಿಯಷ್ಟು. ಮಗ ಸ್ವೆಟೊಸ್ಲಾವ್ ಅವರ ಚಿತ್ರಗಳಲ್ಲಿ ಬಿಸಿಲು ಜಾಸ್ತಿ. ಕೆಂಪು ಮಣ್ಣು, ಹಳದಿ ಆಕಾಶ, ದುಡಿಯುವ ಹೆಂಗಸರು. ನನಗೆ ಚಿತ್ರಕಲೆ ಗೊತ್ತಿಲ್ಲ. ಆದರೂ ಅಪ್ಪನ ಮುಂದೆ ಶಾಲು ಹೊದ್ದುಕೊಳ್ಳಬೇಕು ಅನ್ನಿಸಿತು, ಮಗನ ಮುಂದೆ ಕೊಡೆ ಬಿಚ್ಚಬೇಕು ಅನ್ನಿಸಿತು.

ಅಷ್ಟರಲ್ಲಿ ಹುಡುಗಿ ಕೇಳಿದಳು: "ಇವರು ರಷ್ಯಾದವರು ಅಂತಿದೆಯಲ್ಲ ದೊಡ್ಡಮ್ಮಾ. ಮತ್ತೆ ಯಾಕೆ ವಾಪಸ್ ಹೋಗ್ಲಿಲ್ಲ?"

"ಇಲ್ಲಿ ಚೆನ್ನಾಗಿತ್ತು ಅಂತ ಉಳ್ಕೊಂಡ್ರೇನೋ" ಅಂದೆ. ಹೇಳಿದ ಮೇಲೆ ನನಗೇ ಸರಿ ಅನ್ನಿಸಲಿಲ್ಲ. ಊರು ಬಿಟ್ಟವರ ವಿಷಯ ಅಷ್ಟು ಸುಲಭದ್ದಲ್ಲ ಅಂತ ನನಗೆ ಗೊತ್ತಿರಬೇಕಿತ್ತು. ನಾನು ಮುಳುಗಡೆಯವರ ಮನೆಯ ಮಗಳು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ನೀರು ನಿಂತಾಗ ನಮ್ಮ ಮನೆ, ತೋಟ, ಅಂಗಳ ಎಲ್ಲವೂ ಒಳಗೆ ಹೋದವು. ಮುಂದೆ ಸಿಗಂದೂರಿಗೆ ಹೋಗುವಾಗಲೆಲ್ಲ ಅಪ್ಪಯ್ಯ ಲಾಂಚಿನ ಕಂಬಿ ಹಿಡಿದು ನೀರನ್ನೇ ನೋಡುತ್ತಿದ್ದರು. "ನಾವು ಊರು ಬಿಟ್ಟವರಲ್ಲ ಮಗಾ, ಊರೇ ನಮ್ಮನ್ನ ಬಿಟ್ಟಿದ್ದು" ಅನ್ನುತ್ತಿದ್ದರು.

ಹುಡುಗಿ ವಾಪಸ್ ಹೋದ ಮೇಲೂ ಅವಳ ಪ್ರಶ್ನೆ ಮನೆಯಲ್ಲೇ ಉಳಿಯಿತು. ಕೂತು ಓದಿದೆ. ಈ ವಾರದ ಅಂಕಣ ಅವಳಿಗೆ ಕೊಡಬೇಕಿದ್ದ ಉತ್ತರ.

ಗಡಿಯೇ ಬಂದು ದಾಟಿತು

ನಿಕೋಲಸ್ ರೋರಿಕ್ ಹುಟ್ಟಿದ್ದು 1874ರಲ್ಲಿ, ಸೇಂಟ್ ಪೀಟರ್ಸ್‌ಬರ್ಗಿನಲ್ಲಿ. ಅಪ್ಪನಿಗೆ ಮಗ ವಕೀಲನಾಗಲಿ ಅಂತ, ಮಗನಿಗೆ ಚಿತ್ರ ಬರೆಯುವ ಹುಚ್ಚು. ಕೊನೆಗೆ ಎರಡನ್ನೂ ಒಟ್ಟಿಗೇ ಓದಿದರು. ಹಳೆಯ ರಷ್ಯಾದ ಕೋಟೆಗಳು, ಚರ್ಚುಗಳು, ಮಣ್ಣಲ್ಲಿ ಹೂತ ಊರುಗಳು ಅವರ ಮೊದಲ ಪ್ರೀತಿ. 1913ರ ಮೇ 29ರಂದು ಪ್ಯಾರಿಸ್ಸಿನಲ್ಲಿ 'ದಿ ರೈಟ್ ಆಫ್ ಸ್ಪ್ರಿಂಗ್' ಎಂಬ ಬ್ಯಾಲೆ ನಡೆಯಿತು. ಸಂಗೀತ ಸ್ಟ್ರಾವಿನ್ಸ್ಕಿಯದು, ತಂಡ ಡಯಾಗಿಲೆವ್‌ನದು. ನೋಡುತ್ತಿದ್ದ ಜನ ಕೂಗಾಡಿ ಗಲಾಟೆ ಎಬ್ಬಿಸಿದರು. ಇವತ್ತು ಅದನ್ನು ಆಧುನಿಕ ಸಂಗೀತ ಮತ್ತು ನೃತ್ಯದ ದೊಡ್ಡ ತಿರುವು ಅಂತ ಪಾಠ ಮಾಡುತ್ತಾರೆ. ಆ ರಂಗಸಜ್ಜಿಕೆ, ವೇಷಭೂಷಣ ನಮ್ಮ ಈ ರೋರಿಕ್ ಅವರದ್ದು. ಅಂದರೆ ಇಲ್ಲಿಗೆ ಬಂದವರು ಅಲ್ಲಿ ಏನೂ ಇಲ್ಲದೆ ಬಂದವರಲ್ಲ. ಹೆಸರು, ಹುದ್ದೆ, ಮನೆ ಎಲ್ಲ ಇದ್ದವರು.

1916ರ ಕೊನೆಗೆ ಶ್ವಾಸಕೋಶದ ಕಾಯಿಲೆ ಜೋರಾಯಿತು. ಒಳ್ಳೆಯ ಗಾಳಿಗಾಗಿ ಹೆಂಡತಿ ಹೆಲೆನಾ, ಇಬ್ಬರು ಗಂಡುಮಕ್ಕಳ ಜೊತೆ ಲಡೋಗಾ ಸರೋವರದ ದಂಡೆಯ ಸೋರ್ತವಲ ಎಂಬ ಪುಟ್ಟ ಊರಿಗೆ ಹೋದರು. ಆ ಊರು ಇದ್ದದ್ದು ಫಿನ್ಲೆಂಡಿನಲ್ಲಿ. ಫಿನ್ಲೆಂಡ್ ಆಗ ರಷ್ಯಾ ಸಾಮ್ರಾಜ್ಯದ ಭಾಗ. ನಾವು ಬೇಸಿಗೆಗೆ ತೀರ್ಥಹಳ್ಳಿಯ ನೆಂಟರ ಮನೆಗೆ ಹೋದ ಹಾಗೆ ಅಂದುಕೊಳ್ಳಿ. ನಡುವೆ ಪೆಟ್ರೊಗ್ರಾಡಿಗೆ ಹೋಗಿ ಬಂದು ಮಾಡುತ್ತಲೇ ಇದ್ದರು. ಆಮೇಲೆ ಕ್ರಾಂತಿಯಾಯಿತು. 1917ರ ಡಿಸೆಂಬರಿನಲ್ಲಿ ಫಿನ್ಲೆಂಡ್ ಸ್ವತಂತ್ರ ದೇಶವಾಯಿತು, 1918ರಲ್ಲಿ ಗಡಿ ಮುಚ್ಚಿತು.

ಅವರು ಯಾವ ಗಡಿಯನ್ನೂ ದಾಟಿರಲಿಲ್ಲ. ಗಡಿಯೇ ಬಂದು ಅವರನ್ನು ದಾಟಿ ಹೋಗಿತ್ತು. ಇದನ್ನು ಓದುವಾಗ ನನಗೆ ಲಾಂಚಿನ ಕಂಬಿ ಹಿಡಿದು ನಿಂತ ಅಪ್ಪಯ್ಯ ಕಣ್ಣ ಮುಂದೆ ಬಂದರು.

ಅಲ್ಲಿಂದ ಸ್ವೀಡನ್, ಲಂಡನ್. ಲಂಡನ್ನಿನಲ್ಲಿ 1920ರಲ್ಲಿ ರವೀಂದ್ರನಾಥ ಟ್ಯಾಗೋರರು ರೋರಿಕ್ ಅವರನ್ನು ಭೇಟಿ ಮಾಡಿದರು. ಅದೇ ವರ್ಷ ಕುಟುಂಬ ಅಮೆರಿಕಕ್ಕೆ ಹೋಯಿತು. ನ್ಯೂಯಾರ್ಕಿನಲ್ಲಿ ಕಲಾಶಾಲೆ ಆಯಿತು, ಅವರ ಹೆಸರಿನಲ್ಲೇ ಮ್ಯೂಸಿಯಂ ಆಯಿತು. ಆದರೂ ಅವರು ಅಲ್ಲಿ ನಿಲ್ಲಲಿಲ್ಲ. 1923ರ ಡಿಸೆಂಬರಿನಲ್ಲಿ ಮುಂಬಯಿ ಬಂದರಿನಲ್ಲಿ ಇಳಿದರು. ಮಗ ಸ್ವೆಟೊಸ್ಲಾವ್‌ಗೆ ಆಗ 19 ವರ್ಷ.

ಎದುರಿಗಿದ್ದ ಬೆಟ್ಟ

1925ರಿಂದ 1928ರವರೆಗೆ ಅವರು ಮಾಡಿದ ಪ್ರಯಾಣ ಕೇಳಿದರೇ ಸುಸ್ತಾಗುತ್ತದೆ. ಕಾಶ್ಮೀರ, ಲಡಾಖ್ ದಾಟಿ ಚೀನಾದ ಮರುಭೂಮಿ, ಅಲ್ಲಿಂದ ಅಲ್ತಾಯ್ ಬೆಟ್ಟ, ಮಂಗೋಲಿಯಾ, ಟಿಬೆಟ್. ಟಿಬೆಟ್ಟಿನ ಬಯಲಿನಲ್ಲಿ ಅಧಿಕಾರಿಗಳು ಮುಂದೆ ಬಿಡದೆ ತಡೆದರು. ಕೊರೆಯುವ ಚಳಿಗಾಲದಲ್ಲಿ ಐದು ತಿಂಗಳು ಬರೀ ಡೇರೆಯಲ್ಲಿ. ಸಾಮಾನು ಹೊರುವ ಪ್ರಾಣಿಗಳು ಸತ್ತವು, ಜೊತೆಗಿದ್ದ ಕೆಲವರೂ ತೀರಿಕೊಂಡರು. ಈ ಪ್ರಯಾಣದ ನಡುವೆ 1926ರಲ್ಲಿ ಮಾಸ್ಕೋಗೂ ಹೋಗಿದ್ದರು. ಅಂದರೆ ಊರಿನ ಬಾಗಿಲವರೆಗೆ ಹೋದದ್ದುಂಟು, ಮತ್ತೆ ಅಲ್ಲಿ ನೆಲೆಸಲಿಲ್ಲ.

ಕೊನೆಗೆ ನಿಂತದ್ದು ಹಿಮಾಚಲದ ಕುಲು ಕಣಿವೆಯ ನಗ್ಗರ್ ಎಂಬ ಹಳ್ಳಿಯಲ್ಲಿ. 'ಉರುಸ್ವತಿ' ಎಂಬ ಹಿಮಾಲಯ ಸಂಶೋಧನಾ ಸಂಸ್ಥೆಯನ್ನು ಕಟ್ಟಿಕೊಂಡು ಗಿಡಮೂಲಿಕೆ, ಭಾಷೆ, ಹಳೆಯ ಶಾಸನ ಅಂತ ಇಡೀ ಕುಟುಂಬ ಕೆಲಸಕ್ಕೆ ಕೂತಿತು. ದೊಡ್ಡ ಮಗ ಯೂರಿ ಟಿಬೆಟನ್ ಭಾಷೆಯಲ್ಲಿ ದೊಡ್ಡ ವಿದ್ವಾಂಸ. ಅಪ್ಪ ಮಾತ್ರ ದಿನವೂ ಬೆಟ್ಟ ಬರೆದರು. ಬೆಳಗಿನ ಬೆಟ್ಟ, ಸಂಜೆಯ ಬೆಟ್ಟ, ಮಳೆಯ ಬೆಟ್ಟ, ನಕ್ಷತ್ರದ ಕೆಳಗಿನ ಬೆಟ್ಟ.

ಇಲ್ಲಿ ಒಂದು ವಿಷಯ ಯೋಚಿಸಿ. ಹಿಮಾಲಯ ನಮಗೆ ಹೊಸದಾ? ನಮ್ಮ ಪುರಾಣದಲ್ಲಿದೆ, ಕಾಳಿದಾಸನಲ್ಲಿದೆ, ಕಾಶಿ-ಬದರಿಗೆ ಹೋಗಿ ಬಂದ ಅಜ್ಜಿಯ ಬಾಯಲ್ಲಿದೆ. ಆದರೂ ಹಿಮಾಲಯ ಅಂದ ಕೂಡಲೇ ಕಣ್ಣಿಗೆ ಬರುವ ಆ ನೀಲಿ, ಆ ಮೌನ, ಬೆಟ್ಟದ ಮುಂದೆ ಮನುಷ್ಯ ಸಣ್ಣವನಾಗುವ ಆ ಭಾವ, ಇವುಗಳನ್ನು ಬಣ್ಣದಲ್ಲಿ ಇಷ್ಟು ಗಟ್ಟಿಯಾಗಿ ಕೊಟ್ಟವರಲ್ಲಿ ಈ ರಷ್ಯನ್ ಕೂಡ ಒಬ್ಬರು. ಮನೆಯ ಎದುರಿಗಿರುವ ಬೆಟ್ಟವನ್ನು ನಾವು ನೋಡುವುದಿಲ್ಲ. ದಿನವೂ ಇರುತ್ತದಲ್ಲ, ಅದಕ್ಕೆ. ಕಳೆದುಕೊಂಡವರು ಹಾಗಲ್ಲ, ಇದೂ ನಾಳೆ ಇರುತ್ತದೋ ಇಲ್ಲವೋ ಎಂಬ ಭಯದಿಂದ ನೋಡುತ್ತಾರೆ. ಅಪ್ಪಯ್ಯ ಶಿವಮೊಗ್ಗದ ಹೊಸ ಜಾಗಕ್ಕೆ ಬಂದ ಮೇಲೆ ಅಲ್ಲಿನವರಿಗೇ ಗೊತ್ತಿಲ್ಲದ ಸೊಪ್ಪು, ಹಕ್ಕಿ, ಕಾಲುದಾರಿ ಎಲ್ಲ ಗುರುತಿಟ್ಟುಕೊಂಡಿದ್ದರು.

ಹಾಗಂತ ರೋರಿಕ್ ಅವರನ್ನು ಸಂತರನ್ನಾಗಿ ಮಾಡಿ ಕೂರಿಸುವುದು ಬೇಡ. ಅವರ ಬದುಕಲ್ಲಿ ಗೊಂದಲ ಬೇಕಾದಷ್ಟಿತ್ತು. ಬ್ರಿಟಿಷ್ ಸರ್ಕಾರಕ್ಕೆ ಅವರ ಮೇಲೆ ಅನುಮಾನ. ಅಮೆರಿಕದಲ್ಲಿ ತೆರಿಗೆಯ ತಕರಾರು, ಬೆನ್ನಿಗೆ ನಿಂತಿದ್ದವರ ಜೊತೆಗೇ ಜಗಳ. ಅವರ ಅಧ್ಯಾತ್ಮದ ಮಾತುಗಳನ್ನು ಕೆಲವರು ತಲೆಮೇಲೆ ಹೊತ್ತರೆ ಕೆಲವರು ನಕ್ಕರು. ಆದರೆ ಅದೇ ಮನುಷ್ಯ ಯುದ್ಧದ ಕಾಲದಲ್ಲೂ ಮ್ಯೂಸಿಯಂ, ಗುಡಿ, ಶಾಲೆಗಳನ್ನು ಮುಟ್ಟಬಾರದು ಎಂಬ ಒಪ್ಪಂದಕ್ಕಾಗಿ ವರ್ಷಗಟ್ಟಲೆ ಓಡಾಡಿದರು. 1935ರ ಏಪ್ರಿಲ್ 15ರಂದು ವಾಷಿಂಗ್ಟನ್ನಿನಲ್ಲಿ ಅಮೆರಿಕ ಖಂಡಗಳ 21 ದೇಶಗಳು ಅದಕ್ಕೆ ಸಹಿ ಹಾಕಿದವು. ಬಿಳಿ ಬಟ್ಟೆ, ಕೆಂಪು ವೃತ್ತ, ಒಳಗೆ ಮೂರು ಕೆಂಪು ಗುಂಡು, ಇದು ಅದರ ಬಾವುಟ. ತನ್ನ ಊರನ್ನು ಉಳಿಸಿಕೊಳ್ಳಲಾಗದವರು ಎಲ್ಲರ ಊರೂ ಉಳಿಯಲಿ ಅಂತ ಓಡಾಡಿದರು.

1942ರಲ್ಲಿ ನೆಹರೂ, ಇಂದಿರಾ ನಗ್ಗರ್‌ಗೆ ಹೋಗಿ ಇವರ ಮನೆಯಲ್ಲಿ ಉಳಿದಿದ್ದರು. ಯುದ್ಧ ಮುಗಿದ ಮೇಲೆ ರಷ್ಯಾಕ್ಕೆ ಮರಳಬೇಕು ಎಂಬ ಆಸೆ ನಿಕೋಲಸ್‌ಗೆ ಬಲವಾಗಿತ್ತು. ಕೈಗೂಡಲಿಲ್ಲ. 1947ರ ಡಿಸೆಂಬರ್ 13ರಂದು, ನಮಗೆ ಸ್ವಾತಂತ್ರ್ಯ ಬಂದ ನಾಲ್ಕೇ ತಿಂಗಳಿಗೆ, ನಗ್ಗರ್‌ನಲ್ಲಿ ತೀರಿಕೊಂಡರು. ನಮ್ಮ ಪದ್ಧತಿಯಂತೆ ದಹನ ಮಾಡಿದರು. ಅಲ್ಲಿ ಈಗ ಒಂದು ಸ್ಮಾರಕ ಶಿಲೆ ಇದೆ.

ತಂಗಿಯ ಮಗಳಿಗೆ ನಾನು ಕೊಟ್ಟ ಉತ್ತರ ತಪ್ಪು ಅಂತ ಗೊತ್ತಾದದ್ದು ಇಲ್ಲಿ. ಇಲ್ಲಿ ಚೆನ್ನಾಗಿತ್ತು, ನಿಜ. ಆದರೂ ಹೋಗಬೇಕು ಅಂತಿತ್ತು. ಎರಡೂ ಒಟ್ಟಿಗೇ ಇರಬಹುದು. ಅಪ್ಪಯ್ಯನೂ ಹೊಸ ಜಾಗದಲ್ಲಿ ತೋಟ ಮಾಡಿದರು, ನಮ್ಮನ್ನೆಲ್ಲ ಓದಿಸಿದರು, ಮದುವೆ ಮಾಡಿದರು. ಆದರೂ ಬೇಸಿಗೆಯಲ್ಲಿ ನೀರು ಇಳಿದು ಹಳೆಯ ದಿಬ್ಬ ಕಂಡಿತು ಅಂತ ಯಾರಾದರೂ ಹೇಳಿದರೆ ಅವತ್ತು ಅವರಿಗೆ ಊಟ ಸೇರುತ್ತಿರಲಿಲ್ಲ.

ನಿಮ್ಮದನ್ನೇ ನೋಡಿ ಅಂದವಳು

ಹೊರಗಿನಿಂದ ಬಂದವರು ಹೊಸದೇನೋ ತಂದು ಸುರಿಯುತ್ತಾರೆ, ಅದೇ ಪ್ರಭಾವ ಅಂತ ನಾನು ತಿಳಿದಿದ್ದೆ. ರಷ್ಯನ್ ಕಲಾವಿದರ ಕಥೆ ಓದುತ್ತಾ ಹೋದರೆ ಬೇರೆಯದೇ ಕಾಣುತ್ತದೆ. ಅನ್ನಾ ಪಾವ್ಲೋವಾ ಅವರನ್ನೇ ತೆಗೆದುಕೊಳ್ಳಿ. ಬ್ಯಾಲೆ ಅಂದರೆ ಪಾವ್ಲೋವಾ ಅನ್ನುವ ಕಾಲವೊಂದಿತ್ತು. 1914ರಲ್ಲಿ ರಷ್ಯಾ ಬಿಟ್ಟವರು ಮತ್ತೆ ಹೋಗಲಿಲ್ಲ. ಮನೆ ಲಂಡನ್ನಿನಲ್ಲಿ, ಜೀವನವೆಲ್ಲ ಹಡಗು ಮತ್ತು ರೈಲಿನಲ್ಲಿ.

1923ರಲ್ಲಿ ಲಂಡನ್ನಿನಲ್ಲಿ ಚಿತ್ರಕಲೆ ಓದುತ್ತಿದ್ದ ಒಬ್ಬ ಭಾರತೀಯ ಹುಡುಗನನ್ನು ಪಾವ್ಲೋವಾ ತಮ್ಮ ಜೊತೆ ರಾಧಾಕೃಷ್ಣ ನೃತ್ಯಕ್ಕೆ ಸೇರಿಸಿಕೊಂಡರು. ಆ ಹುಡುಗನೇ ಉದಯ್ ಶಂಕರ್. ಅವನು ಬ್ಯಾಲೆ ಕಲಿಯಬೇಕು ಅಂತ ಆಸೆಪಟ್ಟರೆ, ನಿಮ್ಮ ದೇಶದ ನೃತ್ಯದಲ್ಲೇ ಹುಡುಕು ಎಂಬ ಅರ್ಥದ ಮಾತಾಡಿ ತಿರುಗಿಸಿದರು. ಕೆಲವು ವರ್ಷದ ಮೇಲೆ ರುಕ್ಮಿಣಿ ದೇವಿ ಅರುಂಡೇಲ್ ಅವರಿಗೂ ಇದೇ ಆಯಿತು. ಅವರು ಪಾವ್ಲೋವಾ ತಂಡದ ನರ್ತಕಿಯ ಬಳಿ ಬ್ಯಾಲೆ ಕಲಿಯಲು ಶುರುಮಾಡಿದ್ದರು. ಪಾವ್ಲೋವಾ ಅವರಿಗೂ ನಿಮ್ಮ ನಾಡಿನ ಕಲೆಯ ಕಡೆ ನೋಡಿ ಅಂದರು. ರುಕ್ಮಿಣಿ ದೇವಿ ಮದರಾಸಿಗೆ ಬಂದು ಮೈಲಾಪುರದ ಗೌರಿ ಅಮ್ಮಾಳ್, ಪಂದನಲ್ಲೂರು ಮೀನಾಕ್ಷಿಸುಂದರಂ ಪಿಳ್ಳೈ ಅವರ ಬಳಿ ಕಲಿತರು. 1935ರಲ್ಲಿ ವೇದಿಕೆ ಹತ್ತಿದರು. 1936ರಲ್ಲಿ ಕಲಾಕ್ಷೇತ್ರ ಶುರುವಾಯಿತು. ಇವತ್ತು ನಮ್ಮ ಬಡಾವಣೆಯ ಮಕ್ಕಳು ಶನಿವಾರ ಸಂಜೆ ಭರತನಾಟ್ಯ ಕ್ಲಾಸಿಗೆ ಓಡುವುದರ ಹಿಂದೆ ಎಲ್ಲೋ ಒಂದು ಕಡೆ ಆ ಮಾತೂ ಇದೆ.

ಒಂದು ಮಾತನ್ನು ಮರೆಯಬಾರದು. ಆ ನೃತ್ಯ ಎಲ್ಲೂ ಕಳೆದುಹೋಗಿರಲಿಲ್ಲ. ದೇವದಾಸಿ ಮನೆತನದ ಹೆಂಗಸರು, ಅವರ ನಟ್ಟುವರು ಅದನ್ನು ಎದೆಗಪ್ಪಿಕೊಂಡು ಉಳಿಸಿದ್ದರು. ಮರ್ಯಾದಸ್ಥರು ಅನ್ನಿಸಿಕೊಂಡ ನಾವು ಅತ್ತ ನೋಡುತ್ತಿರಲಿಲ್ಲ, ಅಷ್ಟೆ. ಹೊರಗಿನವರು ಹೇಳಿದ ಮೇಲೆ ನೋಡಿದೆವು. ನೋಡಿದ ಮೇಲೂ ಉಳಿಸಿದವರಿಗೆ ಸಲ್ಲಬೇಕಾದ ಪಾಲನ್ನು ಪೂರ್ತಿ ಕೊಟ್ಟೆವಾ ಅನ್ನುವುದು ಇವತ್ತಿಗೂ ನಡೆಯುತ್ತಿರುವ ಚರ್ಚೆ.

ಕನಕಪುರ ರಸ್ತೆಯ ಮನೆ

ಇನ್ನು ನಮ್ಮ ಬೆಂಗಳೂರಿಗೆ ಬರೋಣ. ಮಗ ಸ್ವೆಟೊಸ್ಲಾವ್ 1945ರಲ್ಲಿ ದೇವಿಕಾ ರಾಣಿ ಅವರನ್ನು ಮದುವೆಯಾದರು. ನಮ್ಮ ಅಮ್ಮನ ಕಾಲದವರಿಗೆ ದೇವಿಕಾ ರಾಣಿ ಅಂದರೆ ಹೇಳಬೇಕಿಲ್ಲ. 1936ರ 'ಅಛೂತ್ ಕನ್ಯಾ' ಚಿತ್ರದ ನಾಯಕಿ. ಗಂಡ ಹಿಮಾಂಶು ರಾಯ್ ತೀರಿಕೊಂಡ ಮೇಲೆ ಬಾಂಬೆ ಟಾಕೀಸನ್ನು ತಾವೇ ನಡೆಸಿದ ಹೆಂಗಸು. ದಿಲೀಪ್ ಕುಮಾರ್‌ಗೆ ಮೊದಲ ಅವಕಾಶ ಕೊಟ್ಟವರು. ಮದುವೆಯಾದ ಮೇಲೆ ಸಿನಿಮಾ ಬಿಟ್ಟರು. ಸ್ವಲ್ಪ ಕಾಲ ಕುಲುವಿನಲ್ಲಿದ್ದು ಆಮೇಲೆ ಬೆಂಗಳೂರಿಗೆ ಬಂದು, ಕನಕಪುರ ರಸ್ತೆಯ ತಾತಗುಣಿಯಲ್ಲಿ ನೆಲೆಸಿದರು. ಸುಮಾರು 468 ಎಕರೆ ಎಸ್ಟೇಟು.

ಅಲ್ಲಿ ಅವರು ಬೆಳೆದದ್ದು ಲಿನಾಲೋ ಮರ. ಅದರ ಕಾಯಿಯ ಸಿಪ್ಪೆಯಿಂದ ಎಣ್ಣೆ ಇಳಿಸುತ್ತಾರೆ, ಸುಗಂಧದ್ರವ್ಯಕ್ಕೆ ಬೇಕಾಗುತ್ತದೆ. ಆ ಮರದ ತವರು ಮೆಕ್ಸಿಕೊ! ರಷ್ಯಾದ ಕಲಾವಿದ, ಬಂಗಾಳಿ ನಟಿ, ಮೆಕ್ಸಿಕೊದ ಮರ. ಮೂವರೂ ಬೇರೆ ಬೇರೆ ಕಡೆಯಿಂದ ಬಂದು ನಮ್ಮ ಕೆಂಪು ಮಣ್ಣಲ್ಲಿ ಬೇರು ಬಿಟ್ಟರು.

ಸ್ವೆಟೊಸ್ಲಾವ್ ಇಲ್ಲಿಯ ಬಿಸಿಲನ್ನು, ಇಲ್ಲಿಯ ದುಡಿಯುವ ಜನರನ್ನು ಬರೆದರು. ಅಪ್ಪನ ಚಿತ್ರದಲ್ಲಿ ಚುಕ್ಕಿಯಾಗಿದ್ದ ಮನುಷ್ಯ ಮಗನ ಚಿತ್ರದಲ್ಲಿ ಮುಂದೆ ಬಂದು ನಿಂತ. ಅವರು ಬರೆದ ನೆಹರೂ ಚಿತ್ರ 1966ರಿಂದ ಸಂಸತ್ತಿನ ಸೆಂಟ್ರಲ್ ಹಾಲಿನಲ್ಲಿದೆ. 1961ರಲ್ಲಿ ಪದ್ಮಭೂಷಣ ಬಂತು. 1960ರಲ್ಲಿ ಮಾಸ್ಕೋ, ಲೆನಿನ್‌ಗ್ರಾಡಿನಲ್ಲಿ ಅವರ ಪ್ರದರ್ಶನ ನಡೆಯಿತು. ಅಪ್ಪನಿಗೆ ತೆರೆಯದ ಬಾಗಿಲು ಮಗನಿಗೆ ನೆಂಟನಾಗಿ ತೆರೆಯಿತು. ನೋಡಿಕೊಂಡು ಅವರು ಬೆಂಗಳೂರಿಗೇ ವಾಪಸ್ ಬಂದರು.

ಕರ್ನಾಟಕದ ಚಿತ್ರಕಲೆಯ ಮೇಲೆ ಅವರ ಪ್ರಭಾವ ಏನು ಅಂತ ಕೇಳಿದರೆ, ಅವರ ಹಾಗೆ ಬರೆಯುವವರ ದೊಡ್ಡ ಗುಂಪೇನೂ ಇಲ್ಲಿ ಹುಟ್ಟಲಿಲ್ಲ. ಪ್ರಭಾವ ಬೇರೆ ದಾರಿಯಲ್ಲಿ ಬಂತು. ಎಂ.ಎಸ್. ನಂಜುಂಡರಾವ್ 1960ರಲ್ಲಿ ಚಿತ್ರಕಲಾ ಪರಿಷತ್ತನ್ನು ಹುಟ್ಟುಹಾಕಿದರು. ಊರೂರು ಅಲೆದು ತೊಗಲುಗೊಂಬೆ, ಮೈಸೂರು ಸಂಪ್ರದಾಯದ ಚಿತ್ರಗಳನ್ನು ಗುಡ್ಡೆ ಹಾಕಿದವರು ಅವರು. ಆ ಸಂಸ್ಥೆಗೆ ಸ್ವೆಟೊಸ್ಲಾವ್ ಹತ್ತಿರದವರಾದರು, ಬೆನ್ನಿಗೆ ನಿಂತರು, ಅಪ್ಪನ ಮತ್ತು ತಮ್ಮ ಚಿತ್ರಗಳನ್ನು ಕೊಟ್ಟರು. ಅದರಿಂದಾಗಿ ಒಂದೇ ಕಾಂಪೌಂಡಿನಲ್ಲಿ ನಮ್ಮ ಕಿಳ್ಳೇಕ್ಯಾತರ ತೊಗಲುಗೊಂಬೆಯೂ ಇದೆ, ರೋರಿಕ್ ಹಿಮಾಲಯವೂ ಇದೆ. ಹಳ್ಳಿಯಿಂದ ಬಂದ ಹುಡುಗನೋ ಹುಡುಗಿಯೋ ದೆಹಲಿಗೆ ಹೋಗದೆ, ಫಾರಿನ್ನಿಗೆ ಹೋಗದೆ, ಬಸ್ ಚಾರ್ಜಿನ ದುಡ್ಡಲ್ಲಿ ಎರಡನ್ನೂ ನೋಡಬಹುದು. ನಮ್ಮ ಹುಡುಗಿ ನೋಡಿದ್ದೂ ಹಾಗೇ.

ಯಾರನ್ನು ನೆನಪಿಡುತ್ತೇವೆ

ಇನ್ನೊಬ್ಬರ ಕಥೆ ಹೇಳದಿದ್ದರೆ ಇದು ಪೂರ್ತಿಯಾಗುವುದಿಲ್ಲ. ಮಗ್ದಾ ನಾಖ್ಮನ್. ಇವರೂ ಪೀಟರ್ಸ್‌ಬರ್ಗಿನಲ್ಲಿ ಬಾಕ್ಸ್ತ್ ಎಂಬ ದೊಡ್ಡ ಕಲಾವಿದರ ಕೈಯಲ್ಲಿ ಕಲಿತವರು. ಕವಯಿತ್ರಿ ಮರೀನಾ ತ್ಸ್ವೆತಾಯೆವಾ ಅವರನ್ನು ಎದುರಿಗೆ ಕೂರಿಸಿಕೊಂಡು 1913ರಲ್ಲಿ ಚಿತ್ರ ಬರೆದವರು. ಮಾಸ್ಕೋದಲ್ಲಿ ಎಂ.ಪಿ.ಟಿ. ಆಚಾರ್ಯ ಎಂಬ ಮದರಾಸಿನ ಕ್ರಾಂತಿಕಾರಿಯನ್ನು ಮದುವೆಯಾದರು. 1922ರಲ್ಲಿ ಗಂಡ-ಹೆಂಡತಿ ಬರ್ಲಿನ್ನಿಗೆ ಬಂದರು. ಅಲ್ಲಿ ನಾಜಿಗಳ ಕಾಲ ಬಂತು. ಹೆಂಡತಿ ಯಹೂದಿ ಮೂಲದವರು, ಗಂಡ ಭಾರತೀಯ. 1930ರ ದಶಕದಲ್ಲಿ ಮುಂಬಯಿಗೆ ಬಂದು ಸೇರಿದರು. ಮಗ್ದಾ ಬಡತನದಲ್ಲೇ ಚಿತ್ರ ಬರೆದರು. ಬಾಂಬೆ ಆರ್ಟ್ ಸೊಸೈಟಿಯ ಪ್ರದರ್ಶನಗಳಲ್ಲಿ ಪಾಲ್ಗೊಂಡರು. 1951ರ ಫೆಬ್ರವರಿ 12ರಂದು ಅವರದೇ ಚಿತ್ರಗಳ ಪ್ರದರ್ಶನ ಶುರುವಾಗಬೇಕಿತ್ತು. ಅದಕ್ಕೆ ಕೆಲವೇ ಗಂಟೆ ಮೊದಲು ತೀರಿಕೊಂಡರು.

ಅವರ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ನನಗಂತೂ ಗೊತ್ತಿರಲಿಲ್ಲ. ಅವರಿಗೆ ಎಸ್ಟೇಟು ಇರಲಿಲ್ಲ, ನೆಹರೂ ಮನೆಗೆ ಬಂದಿರಲಿಲ್ಲ, ಚಿತ್ರಗಳನ್ನು ಒಟ್ಟಿಗೆ ಇಟ್ಟು ಕಾಯುವ ಸಂಸ್ಥೆ ಇರಲಿಲ್ಲ. ಚಿತ್ರಗಳು ಚದುರಿ ಹೋದವು. ಒಬ್ಬರು ಉಳಿಯುವುದು, ಇನ್ನೊಬ್ಬರು ಮರೆಯಾಗುವುದು ಬರೀ ಪ್ರತಿಭೆಯ ಲೆಕ್ಕ ಅಲ್ಲ. ಆಶ್ರಯ ಕೊಟ್ಟ ಊರು ಆಮೇಲೆ ಎಷ್ಟು ಜೋಪಾನ ಮಾಡಿತು ಅನ್ನುವುದರ ಲೆಕ್ಕ ಕೂಡ.

ಎಲ್ಲ ಇದ್ದ ರೋರಿಕ್ ದಂಪತಿಯ ವಿಷಯದಲ್ಲೂ ಅದೇನೂ ಸಲೀಸಾಗಿ ಆಗಲಿಲ್ಲ. ಸ್ವೆಟೊಸ್ಲಾವ್ 1993ರ ಜನವರಿ 30ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಮರುವರ್ಷ ಮಾರ್ಚ್ 9ಕ್ಕೆ ದೇವಿಕಾ ರಾಣಿ. ಮಕ್ಕಳಿರಲಿಲ್ಲ. ತಾತಗುಣಿಯಲ್ಲೇ ಸಮಾಧಿ. ಆಮೇಲೆ ಆಸ್ತಿಯ ವ್ಯಾಜ್ಯ. ಎಸ್ಟೇಟನ್ನು ಸರ್ಕಾರ ವಹಿಸಿಕೊಳ್ಳಲು 1996ರಲ್ಲಿ ಪ್ರತ್ಯೇಕ ಕಾಯ್ದೆಯೇ ಆಯಿತು. ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದದ್ದು 2011ರ ಆಗಸ್ಟಿನಲ್ಲಿ. ನಡುವೆ 15 ವರ್ಷ. ಮನೆ ಕಾಯಬಹುದು, ಮರವೂ ಕಾಯಬಹುದು. ಬಟ್ಟೆಯ ಮೇಲಿನ ಬಣ್ಣ, ಕಾಗದದ ಮೇಲಿನ ಅಕ್ಷರ ಅಷ್ಟು ಕಾಯುವುದಿಲ್ಲ. ಅಡಿಕೆ ಚೀಲಕ್ಕೆ ಒಂದು ಮಳೆಗಾಲ ತೇವ ತಗುಲಿದರೆ ಏನಾಗುತ್ತದೆ ಅಂತ ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ.

ನನ್ನನ್ನು ತುಂಬಾ ಹೊತ್ತು ಸುಮ್ಮನೆ ಕೂರಿಸಿದ ಸಂಗತಿಯೊಂದಿದೆ. ನಮ್ಮ ದೇಶದಲ್ಲಿ 1972ರ ಒಂದು ಕಾಯ್ದೆಯ ಕೆಳಗೆ ಒಂಬತ್ತು ಕಲಾವಿದರ ಕೃತಿಗಳನ್ನು ರಾಷ್ಟ್ರದ ಕಲಾ ಸಂಪತ್ತು ಅಂತ ಘೋಷಿಸಿದ್ದಾರೆ. ರಾಜಾ ರವಿವರ್ಮ, ಟ್ಯಾಗೋರ್ ಮನೆತನದ ಮೂವರು, ನಂದಲಾಲ್ ಬೋಸ್, ಜಾಮಿನಿ ರಾಯ್, ಅಮೃತಾ ಶೇರ್‌ಗಿಲ್, ಶೈಲೋಜ್ ಮುಖರ್ಜಿ. ಒಂಬತ್ತನೆಯವರು ನಿಕೋಲಸ್ ರೋರಿಕ್. ಇಂಥವರ ಕೃತಿಗಳು ಭಾರತದಲ್ಲಿದ್ದರೆ ಅವನ್ನು ಮಾರಲೆಂದು ದೇಶದ ಹೊರಗೆ ಒಯ್ಯುವ ಹಾಗಿಲ್ಲ.

ಮನುಷ್ಯನಿಗೆ ಊರಿಗೆ ಹೋಗಲು ಆಗಲಿಲ್ಲ. ಈಗ ಅವನ ಚಿತ್ರಗಳು ನಮ್ಮವು, ಬಿಟ್ಟುಕೊಡುವುದಿಲ್ಲ ಅಂತ ನಾವೇ ಕಾನೂನು ಮಾಡಿ ಕೂತಿದ್ದೇವೆ. ಓದಿದಾಗ ಹೆಮ್ಮೆಯಾಯಿತು. ಹಿಂದೆಯೇ ಮುಜುಗರವೂ ಆಯಿತು. ನಮ್ಮದು ಅಂತ ಬೀಗ ಹಾಕಿಕೊಂಡೆವು, ಸರಿ. ಒಳಗೆ ಹೋಗಿ ನೋಡಿದ್ದೇವಾ? ಬಸ್ಸಿನ ಕಿಟಕಿಯಿಂದ ಮೂವತ್ತು ವರ್ಷ ಆ ಗೇಟು ನೋಡಿದವಳು ನಾನೇ ಅಲ್ವಾ?

ಅಪ್ಪಯ್ಯನಿಗೆ ಹೊಸ ಊರಿನಲ್ಲಿ ಜಾಗ ಸಿಕ್ಕಿತು, ಪಹಣಿಯಲ್ಲಿ ಹೆಸರು ಬಂತು. ಆದರೆ "ನಿಮ್ಮ ಹಳೇ ಊರು ಹ್ಯಾಗಿತ್ತು ಭಟ್ರೇ?" ಅಂತ ಪಕ್ಕದ ಮನೆಯವರು ಜಗಲಿಯಲ್ಲಿ ಕೂತು ಕೇಳಿದ ದಿನ ಅವರ ಮುಖ ಅರಳಿದ್ದನ್ನು ನಾನು ಮರೆತಿಲ್ಲ. ಅವತ್ತು ಕವಳ ಹಾಕುತ್ತಾ ರಾತ್ರಿ ಹತ್ತರವರೆಗೆ ಮಾತಾಡಿದ್ದರು. ಬಂದವರಿಗೆ ಜಾಗ ಕೊಡುವುದು ಸರ್ಕಾರದ ಕೆಲಸ ಇರಬಹುದು. ಅವರು ಏನು ಹೊತ್ತುಕೊಂಡು ಬಂದರು ಅಂತ ಕೂತು ಕೇಳುವುದು, ನಿಂತು ನೋಡುವುದು ನಮ್ಮ ಕೆಲಸ.

ಮೊನ್ನೆ ತಂಗಿಯ ಮಗಳಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಸುಮ್ಮನೆ ಕೇಳಿಸಿಕೊಂಡವಳು, "ದೊಡ್ಡಮ್ಮಾ, ಅಜ್ಜಯ್ಯನ ಹಳೇ ಮನೆ ಹ್ಯಾಗಿತ್ತು? ಯಾರಾದ್ರೂ ಹೇಳಿದ್ರೆ ನಾನು ಬರೀತೀನಿ" ಅಂದಳು. ನನಗೆ ಗಂಟಲು ಕಟ್ಟಿತು. ಆ ಮನೆಯನ್ನು ನಾನೂ ನೋಡಿದವಳಲ್ಲ. ನೋಡಿದವರಲ್ಲಿ ಈಗ ಉಳಿದಿರುವವರು ದೊಡ್ಡತ್ತೆ ಒಬ್ಬರೇ, ಅವರಿಗೆ ತೊಂಬತ್ತರ ಹತ್ತಿರ. ಬರುವ ಭಾನುವಾರ ಅವರ ಮನೆಗೆ ಹೊರಟಿದ್ದೇನೆ. ಅಂಗಳ ಎಷ್ಟು ಅಗಲ, ತುಳಸಿಕಟ್ಟೆ ಯಾವ ಕಡೆ, ಹೊಳೆ ಎಲ್ಲಿಂದ ಕಾಣುತ್ತಿತ್ತು ಎಲ್ಲ ಕೇಳಿ ಬರೆದುಕೊಂಡು ಬರಬೇಕು.

ನಿಮ್ಮ ಬೀದಿಯಲ್ಲೂ ಎಲ್ಲಿಂದಲೋ ಬಂದು ನೆಲೆಸಿದವರು ಇದ್ದೇ ಇರುತ್ತಾರೆ. ಒಂದು ಸಂಜೆ ಅವರ ಊರಿನ ಬಗ್ಗೆ ಕೇಳಿ ನೋಡಿ. ಅವರು ಹೇಳಿದ್ದನ್ನು ನನಗೂ ಬರೆದು ತಿಳಿಸಿ. ಕುಮಾರಕೃಪಾ ರಸ್ತೆ ಕಡೆ ಹೋದರೆ ಒಂದು ಅರ್ಧ ಗಂಟೆ ಕೈಲಿಟ್ಟುಕೊಂಡೇ ಹೋಗಿ.